ಬಾಯಿ ಬಿಟ್ಟ ಬಂಡೆ

ಒಂದು ಕಾಡಿನಲ್ಲಿ ದೊಡ್ಡ ಕೆರೆ, ಅದರ ದಂಡೆಯ ಮೇಲೊಂದು ಹೆಬ್ಬಂಡೆ. ಅಲ್ಲಿನ ಪ್ರಾಣಿಗಳಿಗೊಂದು ರೂಢಿಯಿತ್ತು. ಏನು ಸಿಕ್ಕರೂ ಮೊದಲ ತುತ್ತನ್ನು ಬಂಡೆಯ ಮುಂದಿಟ್ಟು ಭೂಮಿತಾಯಿಗೆ ನಮಸ್ಕರಿಸುತ್ತಿದ್ದವು. ಆ ತುತ್ತು ಇರುವೆಗಳ ಪಾಲಾಗುತ್ತಿತ್ತು. ಅದನ್ನು ನೋಡಿ ಶಾಣಪ್ಪನೆಂಬ ನರಿ ಹೊಟ್ಟೆ ಉರಿದುಕೊಳ್ಳುತ್ತಿದ್ದ. ಇರುವೆಯನ್ನು ಕಂಡು ಕರುಬುವ ನರಿ, ಎಂಥ ದೊಡ್ಡ ಮನುಷ್ಯ ನೋಡಿ!

ಆ ವರ್ಷ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಕೆರೆ ಉಕ್ಕಿ ತಗ್ಗಿನ ಕಡೆಯಿಂದ ಕಾಡಿನೊಳಗೆ ನುಗ್ಗಿತು. ಒಂದು ಬೆಳಿಗ್ಗೆ ನೋಡಿದರೆ ಬಂಡೆಯಲ್ಲಿದ್ದ ಸಣ್ಣ ಬಿರುಕು ನರಿ ಸಲೀಸಾಗಿ ತೂರುವಷ್ಟು ಅಗಲವಾಗಿತ್ತು. ಪ್ರಾಣಿಗಳು ಹೆದರಿ ಬಂಡೆಯ ಮುಂದೆ ಗುಂಪುಗೂಡಿದವು.

"ಹೆದರಬೇಡಿ," ಎಂದ ಮುದಿ ಆಮೆ ಕಲ್ಲಜ್ಜ. "ಇಷ್ಟೊಂದು ನೀರಿನ ಭಾರಕ್ಕೆ ಕೆರೆಯ ನೆಲ ಕೆಳಗೆ ಬಗ್ಗಿದೆ, ಅದಕ್ಕೇ ದಂಡೆಯ ಬಂಡೆ ಬಿರಿದಿದೆ. ನೀರಿಳಿದರೆ ನೆಲ ಮೇಲೇಳುತ್ತೆ, ಬಿರುಕೂ ಮುಚ್ಚುತ್ತೆ."

ಶಾಣಪ್ಪ ಬಿದ್ದು ಬಿದ್ದು ನಕ್ಕ. "ಮಳೆನೀರಿಗೆ ಭೂಮಿ ಬಗ್ಗುತ್ತಾ ಅಜ್ಜ? ಅದೇನು ನಿನ್ನ ಸೊಂಟಾನಾ? ತಾಯಿಗೆ ಹಸಿವಾಗಿದೆ, ನನ್ನ ಮಂತ್ರಕ್ಕೆ ಬಾಯಿ ತೆರೆದಿದ್ದಾಳೆ. ತಂದು ಹಾಕಿ, ಇಲ್ಲದಿದ್ದರೆ ಕಾಡನ್ನೇ ನುಂಗುತ್ತಾಳೆ."

ಹೆದರಿದವರಿಗೆ ಆಮೆಯ ಮಾತು ಎಲ್ಲಿ ರುಚಿಸೀತು? ಮುಳ್ಳುಹಂದಿ ಗೆಣಸು ತಂದು ಹಾಕಿತು, ಕರಡಿ ಜೇನುಹುಟ್ಟು ತಂದು ಹಾಕಿತು. ಎಲ್ಲರೂ ಹೋದ ಮೇಲೆ ಶಾಣಪ್ಪ ಬಿರುಕಿಗಿಳಿದು ಹಬ್ಬ ಮಾಡುತ್ತಿದ್ದ. ಅವನ ಹೊಟ್ಟೆ ದಿನೇ ದಿನೇ ಗುಡಾಣದಂತಾಯಿತು.

ಮಳೆ ನಿಂತಿತು, ಕೆರೆ ಇಳಿಯತೊಡಗಿತು. ಶಾಣಪ್ಪನಿಗೆ ಅದರ ಪರಿವೆಯೇ ಇಲ್ಲ. ಅವನ ಕಣ್ಣು ಈಗ ಹೆಣ್ಣು ನವಿಲು ಚೆನ್ನವ್ವನ ಮೊಟ್ಟೆಗಳ ಮೇಲೆ ಬಿದ್ದಿತ್ತು.

"ಚೆನ್ನವ್ವ, ತಾಯಿ ನಿನ್ನ ಮೊಟ್ಟೆ ಕೇಳ್ತಿದ್ದಾಳೆ. ನಾಳೆ ಬೆಳಿಗ್ಗೆ ತಂದು ಹಾಕು."

ಚೆನ್ನವ್ವನಿಗೆ ಜೀವವೇ ಹೋದಂತಾಯಿತು. ಅಳುತ್ತ ಕಲ್ಲಜ್ಜನ ಬಳಿಗೆ ಓಡಿದಳು.

"ಬಿರುಕು ಆಗಲೇ ಮುಚ್ಚತೊಡಗಿದೆ ಮಗಳೇ," ಎಂದ ಅಜ್ಜ. "ನೀನು ಆದಷ್ಟು ತಡ ಮಾಡು, ಸಾಕು."

ಬೆಳಿಗ್ಗೆ ಚೆನ್ನವ್ವ ನರಿಯ ಮುಂದೆ ತಲೆ ಬಾಗಿದಳು. "ಸ್ವಾಮಿ, ತಾಯಿಯೇ ತನ್ನ ಬಾಯಿಂದ ಕೇಳಿದರೆ ಕೊಡ್ತೀನಿ."

ಅಷ್ಟೇ ಸಾಕಾಯಿತು. ಅವಳು ಅತ್ತ ಹೋದದ್ದೇ ತಡ, ಶಾಣಪ್ಪ ಉಸಿರು ಬಿಗಿಹಿಡಿದು ಬಿರುಕಿನೊಳಗೆ ತೂರಿದ. "ಚೆನ್ನವ್ವಾ, ಮೊಟ್ಟೆ ತಾ," ಎಂದು ಗಡುಸು ದನಿಯಲ್ಲಿ ಕೂಗಿದ.

"ಬಂದೆ ತಾಯಿ," ಎಂದಳು ಚೆನ್ನವ್ವ, ಬರಲಿಲ್ಲ. ಕಾದು ಕಾದು ಶಾಣಪ್ಪನಿಗೆ ಜೊಂಪು ಹತ್ತಿತು. ಅತ್ತ ನೀರು ಹರಿದುಹೋಗುತ್ತಲೇ ಇತ್ತು, ಇತ್ತ ನೆಲ ಮೆಲ್ಲಗೆ ಮೇಲೇಳುತ್ತಲೇ ಇತ್ತು. ಎಚ್ಚರವಾಗಿ ಹೊರಬರಲು ನೋಡಿದರೆ ತಲೆ, ಮುಂಗಾಲು ಹೊರಗೆ ಬಂದವು. ಸೊಂಟ ಬರಲಿಲ್ಲ.

"ಅಯ್ಯೋ, ಬಿಡಿಸಿ!"

ಕಾಡೆಲ್ಲ ಬಂದು ಸುತ್ತ ನಿಂತಿತು. "ಮಂತ್ರ ಹೇಳಿ ಸ್ವಾಮಿ," ಎಂದಿತು ಕರಡಿ, "ಬಾಯಿ ತೆರೆಸಿದವರು ನೀವೇ ಅಲ್ಲವೇ?"

"ಮಂತ್ರವೂ ಇಲ್ಲ, ಮಣ್ಣೂ ಇಲ್ಲ. ಎಲ್ಲ ಸುಳ್ಳು ಹೇಳಿದೆ. ಅಜ್ಜ, ನೀನಾದರೂ ಏನಾದರೂ ಮಾಡು."

"ನಾನೇನು ಮಾಡಲಪ್ಪ?" ಎಂದ ಕಲ್ಲಜ್ಜ. "ಮತ್ತೊಂದು ದೊಡ್ಡ ಮಳೆ ಬರಲಿ, ಭೂಮಿ ಬಗ್ಗುತ್ತೆ. ಅಲ್ಲಿಯವರೆಗೆ ನೀನು ಬಗ್ಗಿರು."

ಪ್ರಾಣಿಗಳು ರೂಢಿಯಂತೆ ಮೊದಲ ತುತ್ತನ್ನು ಬಂಡೆಯ ಮುಂದಿಟ್ಟು ಹೋದವು. ಅದು ಶಾಣಪ್ಪನ ಮೂತಿಗೆ ಎಟುಕದಷ್ಟು ದೂರದಲ್ಲಿತ್ತು. ಅವನು ನೋಡುತ್ತಿದ್ದಂತೆಯೇ ಇರುವೆಗಳು ಸಾಲಾಗಿ ಬಂದು ಅದನ್ನು ತಿಂದವು.

ನೀತಿ: ತಿಳಿದು ಹೇಳಿದವರನ್ನು ಗೇಲಿ ಮಾಡಿ, ಹೆದರಿದವರನ್ನು ಸುಲಿದು ತಿನ್ನುವವನು ತಾನು ಹೇಳಿದ ಸುಳ್ಳಿನಲ್ಲೇ ಸಿಕ್ಕಿಬೀಳುತ್ತಾನೆ.