ಒಡ್ಡಿನ ಬಿರುಕು

ಹೊಳೆ ಕಡಲು ಸೇರುವಲ್ಲಿ ಮಾಚಾಂಬೆಯ ಆಶ್ರಮ. ಶಿಷ್ಯರಿಗೆಲ್ಲ ಅವಳು ಅವ್ವ.

ಹಳೆಯ ಶಿಷ್ಯ ಹರಿಯಣ್ಣ ಈಗ ದೊರೆಯ ಮಂತ್ರಿ. ಅವನು ಬಂದಾಗ ಅವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

"ಅವ್ವ, ನಾಳೆ ಸಭೆಯಿದೆ. ಕಲ್ಲಿದ್ದಲ ಹೊಗೆಯಿಂದ ಭೂಮಿ ಬಿಸಿಯೇರುತ್ತಿದೆ, ಕಡಲು ಉಕ್ಕುತ್ತಿದೆ. ನಮ್ಮ ದೇಶದ ಕುಲುಮೆಗಳನ್ನು ಈಗಲೇ ಆರಿಸಬೇಕೋ, ಇನ್ನಷ್ಟು ಕಾಯಬೇಕೋ? ನಾನು ಹೇಳಿದಂತೆ ದೊರೆ ನಡೆಯುತ್ತಾರೆ."

"ಏನು ಹೇಳುತ್ತೀ?"

"ಸ್ವಲ್ಪ ತಡೆಯೋಣ ಅನ್ನುತ್ತೇನೆ."

"ಯಾಕಪ್ಪ, ಕಡಲು ನಿನ್ನ ಅಪ್ಪಣೆಗೆ ನಿಂತಿದೆಯಾ?"

"ಹಂಗಿಸಬೇಡವ್ವ. ಪಕ್ಕದ ದೊಡ್ಡ ದೇಶದ ಹೊಗೆಯ ಮುಂದೆ ನಮ್ಮದು ಊದುಬತ್ತಿಯ ಹೊಗೆ. ಅವರು ಆರಿಸದೆ ನಾವೊಬ್ಬರೇ ಆರಿಸಿ ಏನು ಬಂತು? ನನ್ನ ತಮ್ಮನೇ ಕುಲುಮೆಯಲ್ಲಿ ದುಡಿಯುತ್ತಾನೆ. ಅವನ ಮಕ್ಕಳಿಗೆ ಗಂಜಿ ಯಾರು ಹಾಕುತ್ತಾರೆ?"

"ಕುಲುಮೆ ಆರಿಸುವ ದೊರೆಯೇ ಹಾಕಬೇಕು. ಸಭೆಯಲ್ಲಿ ಅದನ್ನೂ ನೀನೇ ಹೇಳಬೇಕು. ಏಳು, ಉಬ್ಬರದ ಹೊತ್ತು. ಒಡ್ಡು ನೋಡಿ ಬರೋಣ."

ಉಪ್ಪುನೀರು ಗದ್ದೆಗೆ ನುಗ್ಗದಂತೆ ಊರವರು ಮಣ್ಣಿನ ಒಡ್ಡು ಕಟ್ಟಿದ್ದರು. ಒಬ್ಬೊಬ್ಬ ರೈತನಿಗೆ ಒಂದೊಂದು ಪಾಲು. ಆದರೆ ಪಾಲು ಯಾರದೇ ಇರಲಿ, ಬಿರುಕನ್ನು ಮೊದಲು ಕಂಡವರು ಮಣ್ಣು ಬರುವ ತನಕ ಅದಕ್ಕೆ ಬೆನ್ನು ಕೊಟ್ಟು ಕೂರಬೇಕು. ಅದು ಅಲ್ಲಿನ ಪದ್ಧತಿ. ಆಶ್ರಮದಲ್ಲಿ ಬೆಳೆದ ಹರಿಯಣ್ಣನಿಗೂ ಗೊತ್ತಿದ್ದದ್ದೇ.

ಒಂದು ಕಡೆ ಏಡಿಯ ಬಿಲ ಬಾಯಿಬಿಟ್ಟು ಬಿರುಕಾಗಿ, ನೀರು ಚಿಮ್ಮುತ್ತಿತ್ತು.

"ಇದು ಹಮ್ಮಣ್ಣನ ಪಾಲು. ಕರೆತರುತ್ತೇನೆ," ಎಂದು ಹರಿಯಣ್ಣ ಓಡಿದ.

ಹಮ್ಮಣ್ಣ ಬಂದು ನೋಡಿದ. "ನಂದು ಆ ಕಲ್ಲಿನ ತನಕ ಮಾತ್ರ. ಇದು ಸುಕ್ರಣ್ಣಂದು."

ಹರಿಯಣ್ಣ ಮತ್ತೆ ಓಡಿ ಸುಕ್ರಣ್ಣನನ್ನೂ ಕರೆತಂದ.

"ಏಡಿ ಬಂದದ್ದು ನಿನ್ನ ಕಡೆಯಿಂದ. ಮೊದಲು ನೀನು ಮಣ್ಣು ಹಾಕು," ಎಂದ ಸುಕ್ರಣ್ಣ.

"ನೀನು ಹಾಕು, ಆಮೇಲೆ ನಾನು."

"ನೀರು ನುಗ್ಗುವಾಗ ಸರದಿ ನೋಡುತ್ತೀರಲ್ಲ, ಬುದ್ಧಿಯಿದೆಯಾ ನಿಮಗೆ?" ಎಂದು ಹರಿಯಣ್ಣ ಗದರಿದ.

ಆ ಮಾತು ತನಗೇ ತಾಗಿ, ಅವನು ತಿರುಗಿ ನೋಡಿದ.

ಕೆಳಗೆ, ಬಿರುಕಿಗೆ ಬೆನ್ನು ಒತ್ತಿ ಅವ್ವ ಕೂತಿದ್ದಳು. ನೀರು ಅವಳ ಎರಡೂ ಪಕ್ಕದಿಂದ ಹರಿಯುತ್ತಿತ್ತು. ಮುಪ್ಪಿನ ಮೈ ನಡುಗುತ್ತಿತ್ತು.

ಮಂತ್ರಿಯ ಶಲ್ಯ ಕೆಸರಿಗೆ ಬಿತ್ತು. ಹರಿಯಣ್ಣ ಇಳಿದು ಅವಳ ಪಕ್ಕ ಬೆನ್ನು ಕೊಟ್ಟು ಕೂತ.

"ಇಬ್ಬರಿಂದ ಕಡಲು ನಿಲ್ಲುವುದಿಲ್ಲ, ಅವ್ವ."

"ನಿಲ್ಲುವುದಿಲ್ಲ. ಬಿರುಕು ಬೇಗ ಅಗಲವಾಗುವುದಿಲ್ಲ, ಅಷ್ಟೆ."

ಒಡ್ಡಿನ ಮೇಲೆ ಜಗಳ ಇನ್ನೂ ನಡೆದೇ ಇತ್ತು. ಅತ್ತ ನೋಡುತ್ತ ಹರಿಯಣ್ಣ ಅಂದ:

"ನಾಳೆ, ಆರಿಸಿ ಎಂದೇ ಹೇಳುತ್ತೇನೆ. ತಮ್ಮನ ಮನೆಯ ಗಂಜಿಯನ್ನೂ ಕೇಳುತ್ತೇನೆ. ಆದರೆ ಆ ದೊಡ್ಡ ದೇಶದವರು? ಅವರನ್ನು ಏನು ಹೇಳಿ ಕರೆಯಲಿ, ಅವ್ವ?"

ಅವ್ವ ಜರುಗಿ, ಅವನ ಒದ್ದೆ ಭುಜಕ್ಕೆ ತನ್ನ ಭುಜ ಆನಿಸಿದಳು.

"ಇಲ್ಲಿ ಬಂದು ಕೂರು ಎಂದು ನಿನ್ನನ್ನು ನಾನು ಕರೆದೆನಾ?"