ಡಬ್ಬಿಯ ಪತ್ತೇದಾರಿಕೆ

ತಿಂಡಿ ಹೊತ್ತು ಮನೆಮನೆ ಸುತ್ತುವ ಸರ್ವಮಂಗಳಮ್ಮನವರ ಸ್ಟೀಲ್ ಡಬ್ಬಿಗೆ ಬಡಾವಣೆಯ ಗುಟ್ಟೆಲ್ಲ ಬಾಯಿಪಾಠ.

“ಕೇಳಿರಯ್ಯಾ,” ಎಂದಿತು ಲೋಟಗಳಿಗೆ, “ಮೂಲೆಮನೆಯವರು ಬೀಗರಿಗೆ ಬಡಿಸಿದ್ದು ಅಂಗಡಿಯ ಹೋಳಿಗೆ! ಎದುರುಮನೆ ಯಜಮಾನರ ಪಥ್ಯವೆಲ್ಲ ಬರೀ ನಾಟಕ, ಬಚ್ಚಲಲ್ಲಿ ನಿಂತು ಚಕ್ಕುಲಿ ಮುಕ್ಕುತ್ತಾರೆ!”

“ಪಕ್ಕದ ಮನೆ ವಿಶಾಲಾಕ್ಷಮ್ಮನವರ ಗುಟ್ಟು?” ಎಂದಿತು ಒಂದು ಲೋಟ.

“ಆ ಮನೆಗೆ ಮಾತ್ರ ನನ್ನನ್ನು ಯಾಕೋ ಕಳಿಸುವುದೇ ಇಲ್ಲ. ಆಕೆ ಏನೋ ಕಳೆದುಕೊಂಡು ವರ್ಷಗಳಿಂದ ಹುಡುಕುತ್ತಿದ್ದಾರಂತೆ. ಪತ್ತೆ ಹಚ್ಚದೆ ಬಿಡುತ್ತೇನೆಯೇ!”

ಗಹಗಹಿಸಿ ನಕ್ಕ ರಭಸಕ್ಕೆ ಡಬ್ಬಿ ಶೆಲ್ಫಿನಿಂದ ಉರುಳಿ, ಹೆಪ್ಪಿಗೆ ಚಮಚ ಮೊಸರು ಕೇಳಲು ಬಂದಿದ್ದ ವಿಶಾಲಾಕ್ಷಮ್ಮನವರ ಕಾಲಬುಡದಲ್ಲಿ ಬೋರಲು ಬಿತ್ತು. ಅವರು ಬಗ್ಗಿ, ತಳದಲ್ಲಿ ಕೆತ್ತಿಸಿದ್ದ ಹೆಸರು ಓದಿದರು: “ವಿಶಾಲಾಕ್ಷಿ.”

“ಪತ್ತೆಯಾಯಿತು ಬಿಡಿ, ಸ್ವಾಮಿ,” ಎಂದಿತು ಲೋಟ.