ತಿರಕಪ್ಪನ ಹೆಸರಿನ ಮುಚ್ಚಳ

ಒಂದು ಊರಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ, ಹತ್ತು ತಗಡಿನ ಶೆಡ್ಡುಗಳ ಸಾಲಿತ್ತು. ಕೊನೆಯ ಶೆಡ್ಡಿನಲ್ಲಿ ತಿರಕಪ್ಪ ಎಂಬ ವೆಲ್ಡಿಂಗ್ ಕೆಲಸಗಾರನಿದ್ದ. ಬತ್ತಿಹೋದ ಕೊಳವೆಬಾವಿಗಳಿಗೆ ಕಬ್ಬಿಣದ ಮುಚ್ಚಳ ಮಾಡುವುದು ಅವನ ಕೆಲಸ. ಕೊಳವೆಬಾವಿ ಬತ್ತಿದರೆ ಜನ ಪಂಪು ಬಿಚ್ಚಿಕೊಂಡು ಹೋಗುತ್ತಾರೆ, ತೂತು ಮಾತ್ರ ಅಲ್ಲೇ ಉಳಿಯುತ್ತದೆ. ಅದರ ಅಗಲ ಒಂದು ಮಗುವಿನ ಮೈಯಷ್ಟು. ಆಳ ನೂರಾರು ಅಡಿ. ಇದು ಎಲ್ಲರಿಗೂ ಗೊತ್ತಿರುವ ಮಾತೇ. ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಈ ತೂತಿಗೆ ಸಂಬಂಧಿಸಿದ್ದು.

ತಿರಕಪ್ಪ ಅಳತೆಗೆ ಟೇಪು ಹಿಡಿಯುತ್ತಿರಲಿಲ್ಲ. ಬಾವಿಯ ಬಳಿಗೆ ತಾನೇ ಹೋಗಿ, ನೆಲದಿಂದ ಮೇಲೆ ಬಂದಿರುವ ಕೊಳವೆಯ ಸುತ್ತ ಪುಂಡಿನಾರಿನ ದಾರ ಸುತ್ತಿ ಗಂಟು ಹಾಕುತ್ತಿದ್ದ. ಹಳೆಯ ಕೊಳವೆಗಳು ದುಂಡಗೆ ಇರುವುದಿಲ್ಲ. ಟ್ರ್ಯಾಕ್ಟರ್ ತಾಗಿ, ದನ ಗುದ್ದಿ ಸೊಟ್ಟಗಾಗಿರುತ್ತವೆ. ಒಂದು ಬಾವಿಯ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಆದ್ದರಿಂದ ಬಾವಿಗೊಂದು ದಾರ, ದಾರಕ್ಕೊಂದು ಮೊಳೆ. ಶೆಡ್ಡಿನ ಗೋಡೆಯ ಮೇಲೆ ದಾರಗಳು ಸಾಲಾಗಿ ತೂಗುತ್ತಿದ್ದವು.

ತಿರಕಪ್ಪನಿಗೆ ಹೆಂಡತಿ ಇರಲಿಲ್ಲ, ತೀರಿಕೊಂಡಿದ್ದಳು. ಮಕ್ಕಳು ಆಗಿರಲಿಲ್ಲ. ಬತ್ತಿದ ಬಾವಿಯ ಹತ್ತಿರ ಯಾರೂ ಓಡಾಡುವುದಿಲ್ಲವಾದ್ದರಿಂದ ಕೆಲಸದ ಜಾಗದಲ್ಲೂ ಮಾತಿಗೆ ಜನವಿಲ್ಲ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವನು ಆಡಿದ ಮಾತು ಎರಡೇ. ಒಂದು ‘ಚಾ’, ಇನ್ನೊಂದು ‘ಸಾಕು’. ಆದರೂ ಪಕ್ಕದ ಒಂಬತ್ತು ಶೆಡ್ಡುಗಳ ಸದ್ದು ಕೇಳುತ್ತಿತ್ತು. ಮಂಚ ಮಾಡುವ ದೇವೇಂದ್ರಪ್ಪನ ಗ್ರೈಂಡರ್, ಚರಂಡಿಯ ಜಾಲರಿ ಮಾಡುವ ಇಮಾಮಸಾಬನ ಸುತ್ತಿಗೆ. ಅದೇ ಅವನಿಗೆ ಜೊತೆ.

ಆ ವರ್ಷ ಸರ್ಕಾರ ಹೊಸ ನಿಯಮ ತಂದಿತು. ಸಣ್ಣ ಕೆಲಸಗಳ ಟೆಂಡರ್ ಇನ್ನು ಮೇಲೆ ಸಣ್ಣ ಘಟಕಗಳಿಗೇ ಹೋಗಬೇಕು. ಟೆಂಡರ್ ಎಂದರೆ ಸರ್ಕಾರ ಕೆಲಸ ಕೊಡುವ ಮೊದಲು ‘ಯಾರು ಮಾಡುತ್ತೀರಿ’ ಎಂದು ಎಲ್ಲರನ್ನೂ ಕೇಳುವ ಕ್ರಮ. ಕೆಲಸ ಪಡೆದವನು ಅದನ್ನು ಬೇರೆಯವರಿಂದ ಮಾಡಿಸುವಂತಿಲ್ಲ. ವಸ್ತುವಿನ ಮೇಲೆ ತನ್ನ ಹೆಸರನ್ನು ಅಚ್ಚೊತ್ತಬೇಕು. ‘ಇದನ್ನು ನಾನೇ ಮಾಡಿದ್ದೇನೆ’ ಎಂದು ಸಹಿ ಹಾಕಿ, ಜೋಡಿಸಿದ ಜಾಗದಲ್ಲಿ ನಿಂತು ಫೋಟೊ ಕಳಿಸಬೇಕು. ನಿಯಮ ಬರೆದವರ ಉದ್ದೇಶ ಒಳ್ಳೆಯದೇ ಆಗಿತ್ತು. ದೊಡ್ಡವರು ನುಂಗುತ್ತಿದ್ದ ಕೆಲಸ ಸಣ್ಣವರ ಕೈಗೆ ಬರಲಿ ಎಂದು.

ಅಲ್ಲಿಯವರೆಗೆ ತಾಲ್ಲೂಕಿನ ಕೆಲಸವನ್ನೆಲ್ಲ ಮಲ್ಲನಗೌಡ ಎಂಬ ದೊಡ್ಡ ಗುತ್ತಿಗೆದಾರ ಹಿಡಿಯುತ್ತಿದ್ದ. ಅವನು ನಿಯಮವನ್ನು ಓದಿದ, ಸಿಟ್ಟಾಗಲಿಲ್ಲ. ಶೆಡ್ಡುಗಳ ಸಾಲಿಗೆ ಬಂದು ಒಬ್ಬೊಬ್ಬರ ಜೊತೆ ಕುಳಿತು ಚಹಾ ಕುಡಿದ. ಹೆಸರು ಅವರದು, ಸರಕು ತನ್ನದು. ಅವರು ಸಹಿ ಹಾಕಿದರೆ ಸಾಕು, ಒಂದು ಪಾಲು ಮನೆಗೆ ಬರುತ್ತದೆ ಎಂದ. ಮೊದಲು ದೇವೇಂದ್ರಪ್ಪನ ಗ್ರೈಂಡರ್ ನಿಂತಿತು. ಆಮೇಲೆ ಇಮಾಮಸಾಬನ ಸುತ್ತಿಗೆ. ದೀಪಾವಳಿಯ ಹೊತ್ತಿಗೆ ಒಂಬತ್ತು ಶೆಡ್ಡುಗಳ ಬೋರ್ಡು ಮಾತ್ರ ಉಳಿದಿತ್ತು, ಸದ್ದು ಇರಲಿಲ್ಲ. ಸಂಜೆಯಾದರೆ ಒಂಬತ್ತು ಜನವೂ ಮಲ್ಲನಗೌಡನ ಗೋದಾಮಿನ ಕಟ್ಟೆಯ ಮೇಲೆ ಕೂತು ಗಿರ್ಮಿಟ್, ಮಿರ್ಚಿ ತಿನ್ನುತ್ತ ನಗುತ್ತಿದ್ದರು. ಆ ನಗು ರಸ್ತೆ ದಾಟಿ ತಿರಕಪ್ಪನ ಶೆಡ್ಡಿಗೆ ಬರುತ್ತಿತ್ತು.

ಒಂದು ದಿನ ಮಲ್ಲನಗೌಡ ಅವನ ಬಳಿಗೂ ಬಂದ. ಮುನ್ನೂರು ಕೊಳವೆಬಾವಿಗಳಿಗೆ ಮುಚ್ಚಳ ಹಾಕುವ ಟೆಂಡರ್ ಕರೆದಿದ್ದರು.

“ಕಾಕಾ, ಎಷ್ಟು ದಿನಾ ಅಂತ ಒಬ್ಬರೇ ಕಿಡಿ ಹಾರಿಸ್ಕೋತ ಕೂಡ್ತೀರಿ? ಸಹಿ ಮಾಡ್ರಿ. ಸಂಜಿಕೆ ಕಟ್ಟಿ ಮ್ಯಾಲ ಬರ್ರಿ. ಎಲ್ಲಾರೂ ನಿಮ್ಮನ್ನ ಕೇಳ್ತಾರ.”

“ಕೇಳ್ತಾರೇನು?” ಎಂದ ತಿರಕಪ್ಪ.

“ದಿನಾ ಕೇಳ್ತಾರ.”

ತಿರಕಪ್ಪ ಆ ಟೆಂಡರನ್ನು ತಾನೇ ಹಾಕಬಹುದಿತ್ತು. ನಿಯಮ ಬಂದದ್ದೇ ಅವನಂಥವರಿಗಾಗಿ. ಪಾಲಿನ ಆಸೆಗೆ ಅವನು ಸಹಿ ಹಾಕಿದ ಎಂದು ಯಾರೂ ತಿಳಿಯಬಾರದು. ಎಲ್ಲರೂ ತನ್ನನ್ನು ಕೇಳುತ್ತಾರೆ ಎಂಬ ಆ ಒಂದು ಮಾತಿಗೆ ಹಾಕಿದ.

ಅಂದು ಸಂಜೆ ಕಟ್ಟೆಗೆ ಹೋದಾಗ ಇಮಾಮಸಾಬ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. “ಬರ್ರಿ ಮುಚ್ಚಳದ ಸಾಹೇಬ್ರ. ಇಷ್ಟು ದಿನಾ ಬಾಯಿಗೂ ಒಂದು ಮುಚ್ಚಳ ಜಡಕೊಂಡಿದ್ರೇನು?” ಎಲ್ಲರೂ ನಕ್ಕರು. ತಿರಕಪ್ಪನೂ ನಕ್ಕ. ಎಷ್ಟೋ ವರ್ಷದ ಮೇಲೆ ಅವನನ್ನು ಯಾರೋ ಚೇಷ್ಟೆ ಮಾಡಿದ್ದರು. ಅವತ್ತು ಅವನು ಎಷ್ಟು ಮಾತಾಡಿದನೆಂದರೆ, ಮರುದಿನ ಗಂಟಲು ಕಟ್ಟಿತ್ತು.

ಮುಚ್ಚಳಗಳು ಲಾರಿಯಲ್ಲಿ ಬಂದವು. ಎಲ್ಲವೂ ಒಂದೇ ಅಳತೆಯವು, ಎಲ್ಲದರ ಮೇಲೂ ‘ತಿರಕಪ್ಪ’ ಎಂದು ಅಚ್ಚು. ಗೌಡನ ಇಬ್ಬರು ಆಳುಗಳು ಮುಚ್ಚಳವನ್ನು ಕೊಳವೆಯ ಮೇಲಿಟ್ಟು, ಸಡಿಲವಿದ್ದರೆ ತಂತಿ ಬಿಗಿದು ಮುಂದಕ್ಕೆ ಹೋಗುತ್ತಿದ್ದರು. ತಿರಕಪ್ಪ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಅಷ್ಟೇ. ಅವನಿಗೆ ಅದು ಸರಿ ಕಾಣಲಿಲ್ಲ. ತಂತಿ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಸಂಜೆಯ ಕಟ್ಟೆ ನೆನಪಾಗಿ ಸುಮ್ಮನಾಗುತ್ತಿದ್ದ. ಹೀಗೆ ಅರವತ್ತು ಬಾವಿಗಳಾದವು.

ಅರವತ್ತೊಂದನೆಯ ಬಾವಿ ನೀಲವ್ವ ಎಂಬ ಹೆಂಗಸಿನ ಹೊಲದಲ್ಲಿತ್ತು. ಅವಳು ನಾಲ್ಕು ವರ್ಷದಿಂದ ಆ ತೂತಿನ ಮೇಲೆ ಒಂದು ಒಡೆದ ಬೀಸುಕಲ್ಲು ಹೇರಿ, ಸುತ್ತ ಜಾಲಿಮುಳ್ಳು ಒಟ್ಟಿದ್ದಳು. ದುಡಿಯಲು ಬರುವಾಗ ಅವಳ ಜೊತೆ ಮೊಮ್ಮಗಳೂ ಬರುತ್ತಿದ್ದಳು, ಅದಕ್ಕೆ. ಆಳುಗಳು ಕಲ್ಲು ಸರಿಸಿ, ಮುಚ್ಚಳ ಇಟ್ಟು, ತಂತಿ ಬಿಗಿದು, ಫೋಟೊ ತೆಗೆದು ಲಾರಿಯ ಕಡೆಗೆ ನಡೆದರು. ನೀಲವ್ವ ಬಗ್ಗಿ ಅಚ್ಚನ್ನು ಬೆರಳಿನಿಂದ ಒಂದೊಂದೇ ಅಕ್ಷರ ಹಿಡಿದು ಓದಿದಳು.

“ತಿರಕಪ್ಪ ಅಂದ್ರ ಯಾರ್ರೀ?”

“ನಾನ.”

“ಹೌದೇನು? ಹಂಗಾದ್ರ ಚಿಂತಿಲ್ಲ ಬಿಡ್ರಿ. ಹೆಸರು ಹಾಕ್ಯಾರಂದ್ರ ಹಿಂದ ಒಬ್ಬ ಮನಿಷಾ ಅದಾನ.”

ಹೀಗೆ ಹೇಳಿ ಅವಳು ಮುಳ್ಳಿನ ಕಂಟಿಗಳನ್ನು ಎಳೆದು ಬದುವಿಗೆ ಹಾಕತೊಡಗಿದಳು. ಬೀಸುಕಲ್ಲನ್ನು ಉರುಳಿಸಿಕೊಂಡು ದೂರ ಒಯ್ದಳು. ಇಷ್ಟು ದಿನ ಕಾಯ್ದದ್ದನ್ನೆಲ್ಲ ತೆಗೆದುಬಿಟ್ಟಳು. ಇನ್ನು ಕಾಯುವುದು ಆ ಹೆಸರಿನ ಪಾಲಿಗೆ ಬಂತು.

ಲಾರಿ ಹಾರ್ನ್ ಹೊಡೆಯಿತು. ತಿರಕಪ್ಪ ಕದಲಲಿಲ್ಲ.

“ತಂಗೀ, ಕಲ್ಲು ತಿರುಗಿ ಇಡು” ಎಂದ.

“ಯಾಕ್ರೀ?”

“ಆ ಮುಚ್ಚಳ ನಾ ಮಾಡಿದ್ದಲ್ಲ.”

“ಹೆಸರು ನಿಮ್ಮದ ಅಂದ್ರಲ್ಲ ಈಗ?”

“ಹೆಸರು ನನ್ನದ.”

ನೀಲವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಕಲ್ಲನ್ನು ಮತ್ತೆ ಉರುಳಿಸಿಕೊಂಡು ಬಂದಳು. ತಿರಕಪ್ಪ ಕೈಹಾಕಲು ಹೋದಾಗ, “ನೀವು ಅತ್ಲಾಗ ಸರೀರಿ” ಎಂದಳು.

ಮರುದಿನ ತಿರಕಪ್ಪ ತಾಲ್ಲೂಕು ಕಚೇರಿಗೆ ಹೋಗಿ, ತಾನು ಹಾಕಿದ ಸಹಿ ಸುಳ್ಳು ಎಂದು ಬರೆದುಕೊಟ್ಟ. ಅಲ್ಲಿದ್ದ ಎಂಜಿನಿಯರ್ ಅಮ್ಮ ಅರ್ಜಿಯನ್ನು ಎರಡು ಸಲ ಓದಿದರು.

“ನೀವಾಗಿಯೇ ಹೇಳಿದಿರಿ, ಒಳ್ಳೆಯದು. ಆದರೆ ನಿಯಮ ಇರೋದೇ ಹೀಗೆ. ಈ ಟೆಂಡರ್ ರದ್ದು. ಮೂರು ವರ್ಷ ನಿಮಗೆ ಸರ್ಕಾರಿ ಕೆಲಸ ಸಿಗೋದಿಲ್ಲ.”

“ಆಗ್ಲಿ. ಹಾಕಿದ ಅರವತ್ತೊಂದು ಬಾವಿ?”

“ಹೊಸ ಟೆಂಡರ್ ಕರೀಬೇಕು. ನಾಲ್ಕು ತಿಂಗಳಾದರೂ ಬೇಕು.”

“ಅಷ್ಟರಾಗ ಮಳಿ ಬರ್ತದ. ನಾ ಬದಲಿ ಹಾಕ್ಲೇನ್ರಿ?”

“ಗುತ್ತಿಗೆದಾರನಾಗಿ ಹಾಕೋ ಹಾಗಿಲ್ಲ.”

“ಸುಮ್ನ, ಒಬ್ಬ ಮನಿಷಾ ಅಂತ?”

ಆಕೆ ಪೆನ್ನು ಕೆಳಗಿಟ್ಟರು. “ಅದಕ್ಕೆ ನಮ್ಮಲ್ಲಿ ಫಾರ್ಮ್ ಇಲ್ಲ, ತಿರಕಪ್ಪನವರೇ” ಎಂದರು. ಅರ್ಜಿಯನ್ನು ಕಡತಕ್ಕೆ ಸೇರಿಸುತ್ತ, “ಫಾರ್ಮ್ ಇಲ್ಲದ್ದಕ್ಕೆ ನಾನು ಬೇಡ ಅನ್ನೋಕೂ ಬರೋದಿಲ್ಲ” ಎಂದರು.

ತಿರಕಪ್ಪ ತನ್ನ ಹೆಸರನ್ನು ಮಾತ್ರ ಬರೆದುಕೊಟ್ಟಿದ್ದ. ಆದರೆ ಒಂದು ಸುಳ್ಳು ಸಿಕ್ಕ ಮೇಲೆ ಕಚೇರಿಯವರು ಉಳಿದ ಒಂಬತ್ತು ಶೆಡ್ಡುಗಳನ್ನೂ ನೋಡಲು ಬಂದರು. ಧೂಳು ಹಿಡಿದ ಯಂತ್ರಗಳನ್ನು ಕಂಡು ಬರೆದುಕೊಂಡು ಹೋದರು. ಒಂಬತ್ತು ಹೆಸರುಗಳೂ ಪಟ್ಟಿಯಿಂದ ಹೋದವು. ಮಲ್ಲನಗೌಡನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಹೀಗಾಗಿ ಅವನಿಗೆ ಏನೂ ಆಗಲಿಲ್ಲ. ಅವನು ಮುಂದಿನ ತಾಲ್ಲೂಕಿಗೆ ಹೋಗಿ ಅಲ್ಲಿ ಚಹಾ ಕುಡಿಯತೊಡಗಿದ. ಹೀಗೆ ಆಗಬಾರದಿತ್ತು, ಆದರೆ ಆಯಿತು.

ಸಾಲಿನಲ್ಲಿ ತಿರಕಪ್ಪನ ಜೊತೆ ಯಾರೂ ಮಾತಾಡಲಿಲ್ಲ. ಇಮಾಮಸಾಬ ಒಂದೇ ಒಂದು ಸಲ ಬಾಗಿಲಿಗೆ ಬಂದು ನಿಂತ.

“ನಿನ್ನ ಹೆಸರು ನೀ ತಿರುಗಿ ತಗೊಂಡಿ, ಸರಿ. ನಮ್ಮನ್ನ್ಯಾಕ ಬೀದಿಗೆ ತಂದಿ?”

“ನಾ ನಂದಷ್ಟ ಬರದೇನಿ ಇಮಾಮಣ್ಣ.”

“ಗೊತ್ತೈತಿ” ಎಂದ ಇಮಾಮಸಾಬ. “ಆದ್ರೂ ಕಟ್ಟಿ ಮ್ಯಾಲ ಬರಬ್ಯಾಡ.”

ತಿರಕಪ್ಪ ದಾರದ ಉಂಡೆ ತೆಗೆದುಕೊಂಡು ಮೊದಲು ನೀಲವ್ವನ ಹೊಲಕ್ಕೆ ಹೋದ. ಅವಳ ಬಾವಿಯ ಮುಚ್ಚಳ ಮೂರು ದಿನದಲ್ಲಿ ಸಿದ್ಧವಾಯಿತು. ಕೊಳವೆಗೆ ಅದು ತಲೆಗೆ ರುಮಾಲು ಕೂತಂತೆ ಕೂತಿತು. ಬೋಲ್ಟು ಬಿಗಿದ ಮೇಲೆ ನೀಲವ್ವ ಅಚ್ಚನ್ನು ಹುಡುಕಿದಳು.

“ಹೆಸರ ಇಲ್ಲಲ್ರಿ?”

“ಈ ಸಲ ಹಾಕೂ ಹಂಗಿಲ್ಲ.”

ಅವಳು ಮುಚ್ಚಳದ ಮೇಲೆ ಹತ್ತಿ ನಿಂತಳು. ಎರಡು ಸಲ ಹಿಮ್ಮಡಿ ಕುಟ್ಟಿದಳು. “ಹಂಗಾದ್ರ ಇದು ನೀವ ಮಾಡಿದ್ದು” ಎಂದಳು. ಮುಳ್ಳಿನ ಕಂಟಿಗಳನ್ನು ಹೊರೆ ಕಟ್ಟಿಕೊಂಡು ಒಲೆಗೆ ಒಯ್ದಳು.

ಉಳಿದ ಅರವತ್ತು ಬಾವಿಗಳಿಗೆ ಎರಡೂವರೆ ತಿಂಗಳು ಹಿಡಿಯಿತು. ಬೆಳಿಗ್ಗೆ ಸೈಕಲ್ಲಿಗೆ ಮುಚ್ಚಳ ಕಟ್ಟಿಕೊಂಡು ಹೊರಡುತ್ತಿದ್ದ, ಮಧ್ಯಾಹ್ನ ಯಾವುದೋ ಬೇವಿನ ಕೆಳಗೆ ಒಬ್ಬನೇ ರೊಟ್ಟಿ ತಿನ್ನುತ್ತಿದ್ದ. ಹಿಂದಿರುಗುವಾಗ ಕಟ್ಟೆಯ ಮೇಲಿನ ನಗು ಕೇಳುತ್ತದೆಂದು ಸುತ್ತಿನ ದಾರಿ ಹಿಡಿಯುತ್ತಿದ್ದ.

ಕೊನೆಯ ಬಾವಿ ಒಂದು ಬೀಳು ಹೊಲದಲ್ಲಿತ್ತು. ಅಲ್ಲಿ ಬೆಳೆಯಿಲ್ಲ, ಮನೆಯಿಲ್ಲ, ಕಾಯುವವರಿಲ್ಲ. ಮೋಡ ಕಟ್ಟಿತ್ತು. ತಿರಕಪ್ಪ ತುಕ್ಕು ಹಿಡಿಯತೊಡಗಿದ್ದ ತಂತಿ ಕತ್ತರಿಸಿದ, ಹಳೆಯ ಮುಚ್ಚಳ ತೆಗೆದ, ತನ್ನದನ್ನು ಕೂರಿಸಿ ನಾಲ್ಕೂ ಬೋಲ್ಟು ಬಿಗಿದ. ಮೇಲೆ ಹತ್ತಿ ನಿಂತು ನೋಡಿದ. ಅಲುಗಲಿಲ್ಲ. ಈ ಸಲ ಫೋಟೊವನ್ನು ಯಾರಿಗೂ ಕಳಿಸಬೇಕಾಗಿರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿ ಸುತ್ತಲೂ ನೋಡಿದ. ಕಣ್ಣು ಹೋಗುವಷ್ಟು ದೂರ ಯಾರೂ ಇಲ್ಲ.

“ಆತು” ಎಂದು ತನಗೆ ತಾನೇ ಹೇಳಿಕೊಂಡ. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

ಆ ಹೊಲದಲ್ಲಿ ಮುಂದೆ ಯಾವ ಮಗು ಓಡಾಡಿತೋ ನಮಗೆ ಗೊತ್ತಿಲ್ಲ. ಬೀಳದೆ ಉಳಿದ ಮಗುವಿಗೆ ತಾನು ಉಳಿದದ್ದು ತಿಳಿಯುವುದಿಲ್ಲ. ಉಳಿಸಿದವನನ್ನು ಅದು ಹುಡುಕಿಕೊಂಡು ಬರುವುದೂ ಇಲ್ಲ.

ನೀತಿ: ನಮ್ಮ ಹೆಸರನ್ನು ಇನ್ನೊಬ್ಬರ ಕೆಲಸಕ್ಕೆ ಕೊಡಬಾರದು. ಆ ಹೆಸರನ್ನು ನಂಬಿ ಯಾರೋ ಒಬ್ಬರು ತಮ್ಮ ಬಾವಿಯ ಮೇಲಿನ ಕಲ್ಲನ್ನು ತೆಗೆದಿಡುತ್ತಾರೆ. ‘ಮಾಡಿದವರು ಯಾರು’ ಎಂದು ಕಾನೂನು ಕೇಳುವುದು ಅವರ ಪರವಾಗಿ. ತಪ್ಪು ಮಾಡಿದ್ದರೆ ಒಪ್ಪಿಕೊಂಡು ಸರಿಪಡಿಸಬೇಕು. ಸರಿಪಡಿಸಿದ ಮೇಲೆ ಎಲ್ಲರೂ ಹತ್ತಿರ ಕರೆಯುತ್ತಾರೆ ಎಂದು ಮಾತ್ರ ಕಾಯಬಾರದು.